ಟವೆಲ್ಲಿನ ಕೆಳಗೆ ನೀರು ದಾಟಿದ ಮಳೆಗಾಲ

ಹೋದ ವಾರ ಚಿಕ್ಕೋಡಿಯಿಂದ ಕಬ್ಬೂರಿಗೆ ಬರುವ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಮುದುಕಿ ಬಂದು ಕೂತಳು. ಮೊಣಕಾಲಿಗೆ ತಿಕ್ಕಿಕೊಂಡು ಬಂದಿದ್ದಳೆಂದು ಕಾಣುತ್ತದೆ, ಬೆಳ್ಳುಳ್ಳಿ, ಅಜವಾನ ಹಾಕಿ ಕಾಸಿದ ಎಣ್ಣೆಯ ವಾಸನೆ ಗಪ್ಪೆಂದು ಹೊಡೆಯಿತು. ಮುಂದಿನ ಸೀಟಿನವರು ಕಿಟಕಿ ಸರಿಸಿದರು. ನಾನು ಮಾತ್ರ ಅವಳ ಕಡೆಗೇ ಇನ್ನಷ್ಟು ವಾಲಿ ಕೂತೆ. ಆ ವಾಸನೆಯಲ್ಲಿ ನಾನು ಒಂದು ಇಡೀ ಮಳೆಗಾಲ ಉಸಿರಾಡಿದ್ದೇನೆ.

ನಾಲ್ಕು ವರ್ಷದ ಹಿಂದಿನ ಮಾತು. ಆ ಮಳೆಗಾಲದಲ್ಲಿ ಮನೆತುಂಬ ಆ ಎಣ್ಣೆಯ ವಾಸನೆ, ನನ್ನ ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಒಂದು ಆಟ. ಮೊಬೈಲ್ ಆಟ ಆಡಿ ಮಾವನ ಕೈ ಸರಿಮಾಡಲು ಹೊರಟ ಸೊಸೆ ಎಂದು ಓಣಿಯವರು ನಕ್ಕರು. ನಕ್ಕವರಿಗೆ ಉತ್ತರ ಕೊಡುವ ಪುರುಸೊತ್ತು ನನಗಿರಲಿಲ್ಲ. ನನ್ನದು ಹುಟ್ಟಿನಿಂದ ಹಟದ ಸ್ವಭಾವ. ತವರಿನಲ್ಲಿ ಅದಕ್ಕಾಗಿ ಬೈಸಿಕೊಂಡದ್ದೇ ಹೆಚ್ಚು. ಅದೊಂದು ಸಲ ಅದು ಉಪಯೋಗಕ್ಕೆ ಬಂತು.

ನನ್ನ ಮಾವ ದನದ ದಲಾಲರಾಗಿದ್ದರು. ಚಿಕ್ಕೋಡಿ, ರಾಯಬಾಗ, ಅಥಣಿ, ಎಲ್ಲ ಸಂತೆಗಳಲ್ಲೂ ಅವರ ಮುಖ ಗೊತ್ತು. ಹರೆಯದಲ್ಲಿ ಕೃಷ್ಣಾ ಹೊಳೆಯನ್ನು ದನಗಳ ಜೊತೆ ಈಸಿ ದಾಟಿದವರು. ಕಾರಹುಣ್ಣಿಮೆಯ ಮರುದಿನ ಬೆಳಿಗ್ಗೆ ಎತ್ತಿನ ಕೋಡಿನ ಬಣ್ಣ ಒರೆಸುತ್ತಿದ್ದವರು ಹಾಗೇ ಗೋದಲಿಗೆ ಒರಗಿ ಕೂತುಬಿಟ್ಟರು. ಲಕ್ವ. ಬಲಗೈ, ಬಲಗಾಲು ಸೋತವು, ಮಾತು ಹೋಯಿತು. ಎಲ್ಲ ಮಾತೂ ಹೋಗಿ ಒಂದೇ ಒಂದು ಮಾತು ಉಳಿಯಿತು. "ನಡಿ." ದನ ಹೊಡೆಯುವಾಗ ದಿನಕ್ಕೆ ಸಾವಿರ ಸಲ ಅನ್ನುತ್ತಿದ್ದ ಮಾತು. ನೀರು ಬೇಕಾದರೂ ನಡಿ, ಸಿಟ್ಟು ಬಂದರೂ ನಡಿ, ಸಾಕು ಅನ್ನುವುದಕ್ಕೂ ನಡಿ. ನಾವು ಹೇಳಿದ್ದು ಮಾತ್ರ ಅವರಿಗೆ ಪೂರ್ತಿ ತಿಳಿಯುತ್ತಿತ್ತು. ಅದೇ ನೋಡಲಿಕ್ಕೆ ಹೆಚ್ಚು ಸಂಕಟವಾಗುತ್ತಿತ್ತು.

ಕಾಲು ಬೇಗ ಚೇತರಿಸಿಕೊಂಡಿತು. ಹದಿನೈದು ದಿನದಲ್ಲಿ ಬಡಿಗೆ ಊರಿ ಪಡಸಾಲೆಯಿಂದ ಬಚ್ಚಲಿಗೆ ಹೋಗಿ ಬರುವಂತಾದರು. ಕೈ ಮಾತ್ರ ಮಡಿಲಲ್ಲಿ ಬೇರೆ ಯಾರದೋ ವಸ್ತುವಿನ ಹಾಗೆ ಬಿದ್ದಿರುತ್ತಿತ್ತು. ಚಿಕ್ಕೋಡಿಯಲ್ಲಿ ವ್ಯಾಯಾಮ ಹೇಳಿಕೊಡುವ ಹೆಂಗಸು, ನಮ್ಮ ಬಾಯಲ್ಲಿ ಡಾಕ್ಟರ್ ಬಾಯಿ, ನನ್ನನ್ನು ಪಕ್ಕಕ್ಕೆ ಕರೆದು ಬಿಡಿಸಿ ಹೇಳಿದರು.

"ನೋಡವಾ, ಮೊದಲಿನ ಮೂರು ತಿಂಗಳಾಗ ಏನ್ ಬರ್ತೈತೋ ಅದ ದೊಡ್ಡದು. ಆಮ್ಯಾಗ ಬರೂದು ಭಾಳ ನಿಧಾನ. ಬೆರಳು ಮುಚ್ಚೂದು ಮೊದಲ ಬರ್ತೈತಿ, ಬಿಚ್ಚೂದು ಕಷ್ಟ. ತಾವಾಗಿ ಬಿಚ್ಚಿ, ಬೇಕಾದ್ದನ್ನ ಹಿಡದು, ಮತ್ತ ಬಿಟ್ರು ಅಂದ್ರ ಆ ಕೈ ಉಳೀತು ಅಂತ ತಿಳೀರಿ."

ಮೂರು ತಿಂಗಳೆಂದರೆ ಮೃಗಶಿರದಿಂದ ಉತ್ತರಿ ಮಳೆಯವರೆಗೆ. ನಾನು ಅಂದೇ ಮನಸ್ಸಿನಲ್ಲಿ ಗೆರೆ ಎಳೆದುಕೊಂಡೆ.

ಅವರು ಕೊಟ್ಟದ್ದು ಒಂದು ಹಳದಿ ರಬ್ಬರ್ ಚೆಂಡು. ದಿನಕ್ಕೆ ಇಷ್ಟು ಸಲ ಒತ್ತಬೇಕು. ಮಾವ ಅದನ್ನು ಒಂದು ದಿನ ನೋಡಿದರು, ಎರಡು ದಿನ ನೋಡಿದರು, ಮೂರನೆಯ ದಿನ ಎಡಗೈಯಿಂದ ಎತ್ತಿ ಅಂಗಳಕ್ಕೆ ಒಗೆದರು. ಪಕ್ಕದ ಮನೆಯ ನಾಯಿ ಅದನ್ನು ಕಚ್ಚಿಕೊಂಡು ಹೋಯಿತು. ಸಂತೆಯಲ್ಲಿ ಗೌಡರು, ಸಾವಕಾರರು ಎದ್ದು ನಿಂತು ಮಾತಾಡಿಸುತ್ತಿದ್ದ ಮನುಷ್ಯ, ಮಗುವಿನ ಆಟಿಕೆ ಹಿಡಿದು ಕೂರಲು ಒಪ್ಪಲಿಲ್ಲ. ಅವರನ್ನು ತಪ್ಪು ಅನ್ನಲು ನನಗೂ ಮನಸ್ಸಾಗಲಿಲ್ಲ.

ಇವರು, ಅಂದರೆ ನನ್ನ ಗಂಡ, ಹಾಲಿನ ಗಾಡಿ ಹೊಡೆಯುತ್ತಿದ್ದರು. ನಸುಕಿನಲ್ಲಿ ಹೋದರೆ ಮಧ್ಯಾಹ್ನಕ್ಕೆ ಮನೆ. ಎಮ್ಮೆಗಳ ಕೆಲಸ, ಎಣ್ಣೆ ತಿಕ್ಕುವ ಕೆಲಸ ಅತ್ತೆಯದು. ಮಾವನ ಹತ್ತಿರ ಕೂರುವ ಕೆಲಸ ನನ್ನದಾಯಿತು. ಮಾವನನ್ನು ನೋಡಲು ಅಥಣಿಯಿಂದ ಬಂದಿದ್ದ ನನ್ನ ತಮ್ಮ, ಅಕ್ಕನಿಗೆ ಬೇಜಾರು ಕಳೆಯಲಿ ಎಂದು ನನ್ನ ಮೊಬೈಲಿಗೆ ಆ ಆಟ ಹಾಕಿಕೊಟ್ಟು ಹೋದ.

ಆಟ ಹೀಗೆ. ಹುಲ್ಲಿನಲ್ಲಿ, ಗುಡ್ಡದಲ್ಲಿ, ಕೆರೆಯಲ್ಲಿ ತರತರದ ವಿಚಿತ್ರ ಪ್ರಾಣಿಗಳು ಸಿಗುತ್ತವೆ. ಅವನ್ನು ಹಿಡಿಯಬೇಕು, ಸಾಕಬೇಕು, ಬೇರೆಯವರ ಪ್ರಾಣಿಗಳ ಜೊತೆ ಕಾದಾಡಿಸಬೇಕು. ಎಷ್ಟೇ ಹಿಡಿದರೂ ಜೊತೆಗೆ ಒಯ್ಯಬಹುದಾದದ್ದು ಆರು. ಒಂದೊಂದಕ್ಕೆ ನಾಲ್ಕೇ ವಿದ್ಯೆ. ಅರ್ಧ ಆಟ ಆಗುವ ಹೊತ್ತಿಗೆ ದಾರಿಗೆ ನೀರು ಅಡ್ಡ ಬರುತ್ತದೆ. ದೋಣಿಯಿಲ್ಲ, ಸೇತುವೆಯಿಲ್ಲ. ಆರರಲ್ಲಿ ಒಂದಕ್ಕೆ ನೀರಿನ ವಿದ್ಯೆ ಕಲಿಸಿ ಅದರ ಬೆನ್ನೇರಿ ದಾಟಬೇಕು. ಕಲಿಸುವ ಅವಕಾಶ ಒಂದೇ ಸಲ. ತಲೆನೋವು ಶುರುವಾಗುವುದೇ ಇಲ್ಲಿ. ಚೆನ್ನಾಗಿ ಕಾದಾಡುವ ಪ್ರಾಣಿಗೆ ಕಲಿಸಿದರೆ ಅದರ ನಾಲ್ಕು ಏಟಿನಲ್ಲಿ ಒಂದು ಒಳ್ಳೆಯ ಏಟು ಹೋಯಿತು. ಯಾತಕ್ಕೂ ಬಾರದ್ದಕ್ಕೆ ಕಲಿಸಿದರೆ ನೀರೇನೋ ದಾಟುತ್ತದೆ, ಆದರೆ ಉಳಿದ ಹೊತ್ತೆಲ್ಲ ಅದನ್ನು ಸುಮ್ಮನೆ ಹೊತ್ತು ತಿರುಗಬೇಕು. ಬೇರೆ ವಿದ್ಯೆಗಳನ್ನು ಮರೆಸಬಹುದು, ಇದನ್ನು ಮಾತ್ರ ಮರೆಸಲು ಬರುವುದಿಲ್ಲ.

ನನ್ನ ಆರರಲ್ಲಿ ನೀರಿನ ವಿದ್ಯೆ ಕಲಿಯಬಲ್ಲವು ಮೂರು. ಎರಡನೆಯ ಜಾಗದಲ್ಲಿ ಎಮ್ಮೆಯ ಮೈ, ಕಪ್ಪೆಯ ಕಾಲು ಇರುವ ಒಂದು ದಪ್ಪ ಪ್ರಾಣಿ. ಅದಕ್ಕೆ ಗೌರಿ ಎಂದು ಹೆಸರಿಟ್ಟಿದ್ದೆ. ಮೂರನೆಯ ಜಾಗದಲ್ಲಿ ಮೊಸಳೆ ಮೂತಿಯ ಮೀನು, ನೋಡಿದರೆ ಹೆದರಿಕೆ. ಐದನೆಯದು ಬಡಕಲು ಹೋರಿಗರುವಿನಂಥದು. ಕೋಡಿಲ್ಲ, ಕಿವಿ ಉದ್ದ, ಪಕ್ಕೆಲುಬು ಎಣಿಸಬಹುದು. ಇದಕ್ಕೆ ನೀರಿನ ವಿದ್ಯೆ ಬರುತ್ತದೆಂದು ಆಟ ಹೇಳಿದಾಗ ನನಗೇ ನಗು ಬಂದಿತ್ತು. ಮೊಸಳೆಮೀನಿಗೆ ಕಲಿಸು ಎಂದು ತಮ್ಮ ಫೋನಿನಲ್ಲಿ ಹೇಳಿದ್ದ. ನಾನೂ ಅದನ್ನೇ ಒತ್ತಲು ಹೋದೆ.

"ನಡಿ," ಅಂದರು ಮಾವ.

ತಲೆ ಎತ್ತಿ ನೋಡಿದರೆ ಅವರು ದಿಂಬು ಬಿಟ್ಟು ಮುಂದಕ್ಕೆ ಬಗ್ಗಿ ನನ್ನ ಮೊಬೈಲು ನೋಡುತ್ತಿದ್ದರು. ಆರೂ ಪ್ರಾಣಿಗಳು ಸಾಲಾಗಿ ನಿಂತಿದ್ದವು. ಮಾವನ ಕಣ್ಣು ಸಂತೆಯಲ್ಲಿ ಓಡುವ ಹಾಗೆ ಓಡುತ್ತಿತ್ತು. ಕಾಲು, ಎದೆ, ಮತ್ತೆ ಕಾಲು. ಒಂದು ತಿಂಗಳಿನಿಂದ ತೊಲೆ ನೋಡುತ್ತ ಮಲಗಿದ್ದ ಕಣ್ಣು ಅದು. ಮೊಸಳೆಮೀನಿನ ಮೇಲೆ ನನ್ನ ಬೆರಳು ಹೋದಾಗಲೆಲ್ಲ ಅವರು ಮುಖ ಸಿಂಡರಿಸಿ ನಡಿ, ನಡಿ ಅನ್ನುತ್ತಿದ್ದರು. ಸರಿ, ಇದು ಬೇಡ, ಮತ್ತೆ ಯಾವುದು? ಹೇಳಲು ಅವರಿಗೆ ಬಾಯಿಲ್ಲ. ಆ ದಿನ ನಾನು ಯಾವುದಕ್ಕೂ ಕಲಿಸದೆ ಆಟ ಮುಚ್ಚಿದೆ.

ಮರುದಿನ ನಿಪ್ಪಾಣಿಯಿಂದ ಬಾಬು ಮಾಮಾ ಬಂದರು. ಅವರೂ ದಲಾಲರೇ, ಮಾವನ ಜೊತೆ ಹಳೆಯ ಒಡನಾಟ. ಬಂದವರೇ ಮಂಚದ ಮೇಲೆ ಕೂತು, "ಕಾಯ್ ರೇ ರಾಮಪ್ಪಾ, ಬರಾ ಆಹೇಸ್ ನಾ?" ಎಂದು ಮರಾಠಿಯಲ್ಲಿ ಕ್ಷೇಮ ಕೇಳಿದರು. ಕೇಳುತ್ತ ಕೇಳುತ್ತ ತಮ್ಮ ಹೆಗಲ ಮೇಲಿನ ಟವೆಲ್ಲನ್ನು ಮಾವನ ಬಲಗೈ ಮೇಲೆ ಹೊದಿಸಿ, ಕೆಳಗೆ ಕೈ ಹಾಕಿದರು. ಬೇಕೆಂದು ಮಾಡಿದ್ದಲ್ಲ, ಅಷ್ಟು ವರ್ಷದ ರೂಢಿ. ದನದ ಸಂತೆಯಲ್ಲಿ ವ್ಯಾಪಾರ ಬಾಯಲ್ಲಿ ಆಗುವುದಿಲ್ಲ. ಟವೆಲ್ಲಿನ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿಯುತ್ತಾರೆ. ಎಷ್ಟು ಬೆರಳು ಹಿಡಿದರೋ ಅಷ್ಟು ಎಣಿಕೆ. ಸುತ್ತ ನಿಂತವರಿಗೆ ಏನೂ ಕಾಣುವುದಿಲ್ಲ.

ಬಾಬು ಮಾಮಾ ಮಾತು ನಿಲ್ಲಿಸಿ ನನ್ನ ಕಡೆ ತಿರುಗಿದರು. "ಯವ್ವಾ, ಇಂವ ನನ್ನ ಬೆರಳ ಹಿಡದಾನ," ಅಂದರು.

ಚೆಂಡು ಒತ್ತದ ಕೈ ಅದು. ಡಾಕ್ಟರ್ ಬಾಯಿ ಹೇಳಿದರೂ ಅಲುಗದ ಕೈ. ಅದು ಟವೆಲ್ಲಿನ ಕೆಳಗೆ ಒಂದು ಬೆರಳನ್ನು ಹಿಡಿದಿತ್ತು, ಮೆಲ್ಲಗೆ, ಆದರೆ ಹಿಡಿದಿತ್ತು.

ಬಾಬು ಮಾಮಾ ದಿನಾ ನಿಪ್ಪಾಣಿಯಿಂದ ಬರಲಾರರು. ಇವರಿಗೆ ಪುರುಸೊತ್ತಿಲ್ಲ, ಅತ್ತೆಗೆ ಆ ಎಣಿಕೆ ಗೊತ್ತಿಲ್ಲ. ಮರುದಿನ ಮಧ್ಯಾಹ್ನ ಹೊರಗೆ ಪುನರ್ವಸು ಮಳೆ ಜಿಟಿಜಿಟಿ ಹಿಡಿದಿತ್ತು. ನಾನು ಒಂದು ಟವೆಲ್ ತಂದು ಮಾವನ ಕೈ ಮೇಲೆ ಹಾಕಿ, ನನ್ನ ಕೈಯನ್ನು ಕೆಳಗಿಟ್ಟೆ. ಅತ್ತೆ ನೋಡಿ ಬಾಗಿಲಲ್ಲೇ ನಿಂತುಬಿಟ್ಟರು.

"ಏ ಸುನಂದಾ, ಸೊಸಿ ಆಗಿ ಮಾವನ ಕೈ ಹಿಡ್ಕೊಂಡು ಕುಂತರ ಮಂದಿ ಏನಂದಾರು?"

"ಕೈ ಕಾಣೂದಿಲ್ಲಲ್ರಿ ಅತ್ತಿ, ಟಾವೆಲ್ ಹಾಕೇನಿ."

"ಟಾವೆಲ್ ಹಾಕಿದ್ದಕ್ಕ ಇನ್ನಟು ಕೆಟ್ಟ ಕಾಣಾಕತ್ತೈತಿ," ಎಂದು ಬೈಯುತ್ತ ಒಳಗೆ ಹೋದರು.

ಮಾವನಿಗೂ ಸಂಕೋಚ. ಮದುವೆಯಾಗಿ ಬಂದು ಮೂರು ವರ್ಷದಲ್ಲಿ ನಾನು ಅವರ ಕೈಗೆ ನೇರವಾಗಿ ಚಹಾ ಕೊಟ್ಟವಳಲ್ಲ, ಪಕ್ಕದಲ್ಲಿಟ್ಟು ಸರಿಯುತ್ತಿದ್ದೆ. ಅವರು ಗೋಡೆ ನೋಡುತ್ತ ಕೂತರು. ನಾನು ಗೋಡೆಗಿಂತ ಗಟ್ಟಿ. "ಸಂತ್ಯಾಗ ಕೈ ಯಾರದಂತ ಕೇಳ್ತಾರೇನ್ರಿ ಮಾವಾರ? ಎಣಿಕಿ ಅಷ್ಟ ನೋಡ್ತಾರಲ್ರಿ," ಅಂದೆ. ಮೊಬೈಲನ್ನು ಎದುರಿಗೆ ಹಿಡಿದು, "ಎಷ್ಟನೇದಕ್ಕ ನೀರಿನ ವಿದ್ಯಾ ಕಲಸ್ಲಿ?" ಎಂದು ಕೇಳಿದೆ. ಬಹಳ ಹೊತ್ತಿನ ಮೇಲೆ ಅವರ ಕೈ ನನ್ನ ಬೆರಳು ಹುಡುಕಿತು. ಎರಡು ಬೆರಳು ಹಿಡಿದರು.

ಅಷ್ಟರಲ್ಲಿ ಅತ್ತೆ ಒಳಗಿನಿಂದ ಹಾಲು ಉಕ್ಕಿತೆಂದು ಕೂಗಿದರು. ನಾನು ಕೈ ಎಳೆದುಕೊಂಡು, ಟವೆಲ್ಲನ್ನು ಹೆಗಲಿಗೆ ಒಗೆದು, ಎರಡನೆಯದಾದ ಗೌರಿಗೆ ಕಲಿಸಲು ಒತ್ತಿ ಒಳಗೆ ಓಡಿದೆ. ಹಿಂದಿನಿಂದ ಗುಡುಗಿದ ಹಾಗೆ "ನಡಿ" ಕೇಳಿಸಿತು. ಹಾಲು ಇಳಿಸಿ ಬಂದು ನೋಡಿದರೆ ಮಾವನ ಮುಖ ಕೆಂಪಾಗಿತ್ತು. ಎಡಗೈಯಿಂದ ಅವರು ತೋರಿಸುತ್ತಿದ್ದದ್ದು ಐದನೆಯದನ್ನು, ಆ ಬಡಕಲು ಹೋರಿಗರುವನ್ನು. ಐದು ಬೆರಳು ಹಿಡಿಯಲು ಹೊರಟ ಕೈ ಎರಡಕ್ಕೇ ಸೋತಿತ್ತು. ನಾನು ಕಾಯದೆ ವ್ಯಾಪಾರ ಮುಗಿಸಿಬಿಟ್ಟಿದ್ದೆ.

ಹಿಂದೆ ಉಳಿಸಿಟ್ಟಲ್ಲಿಂದ ಆಟವನ್ನು ಮತ್ತೆ ಶುರು ಮಾಡಬಹುದಿತ್ತು. ಹಾಗೆಂದು ಹೇಳಿದೆ. ಮಾವ ಗೋಡೆಯ ಕಡೆ ಮುಖ ತಿರುಗಿಸಿದರು. ಆಮೇಲೆ ಮನೆಗೆ ಬಂದ ಇವರು ಕೇಳಿ ನಕ್ಕರು.

"ಟಾವೆಲ್ ಹೆಗಲಿಗಿ ಬಂತಂದ್ರ ಮಾತು ಮುಗೀತು. ಅಪ್ಪ ಇಷ್ಟು ವರ್ಷದಾಗ ಒಮ್ಮೆನೂ ಹೊಳ್ಳಿ ಮಾತಾಡಿದಾಂವಲ್ಲ. ಆ ಎಮ್ಮಿ ಈಗ ನಿಮ್ಮದ."

ಹಾಗೆ ಗೌರಿ ನಮ್ಮ ಪಾಲಿಗೆ ಬಂತು. ಸುದ್ದಿ ಕೇಳಿದ ಬಾಬು ಮಾಮಾ ಫೋನಿನಲ್ಲಿ ಬಿದ್ದು ಬಿದ್ದು ನಕ್ಕರು. "ಅಲ್ಲ ತಂಗಿ, ನೀರು ದಾಟಾಕ ಎಮ್ಮಿ ತಗೋತಾರೇನು? ಎಮ್ಮಿ ನೀರಾಗ ಇಳೀತಂದ್ರ ಮನಿ ಬಂತು ಅಂತ ಕುಂತಬಿಡ್ತೈತಿ. ನೀರಂದ್ರ ಅಂಜೂ ದನಾ ಬೇಕು. ಅದು ಯಾವಾಗ ಆಚೀ ದಂಡಿ ಮುಟ್ಟೇನೋ ಅಂತ ಎದಿ ಒಡಕೊಂಡು ಈಸತೈತಿ. ನಿಮ್ಮ ಮಾವ ಸುಮ್ಮನ ಹೋರಿಗರಾ ತೋರಿಸಿಲ್ಲ." ಮೊಸಳೆಮೀನು ಯಾಕೆ ಬೇಡವಾಗಿತ್ತೆಂದೂ ಆಗ ತಿಳಿಯಿತು. ನೀರಿನಲ್ಲೇ ಹುಟ್ಟಿದ್ದಕ್ಕೆ ದಡದ ಹಂಬಲವೇ ಇರುವುದಿಲ್ಲ.

ತಮ್ಮನನ್ನು ಕೇಳಿದೆ. ನೀರಿನ ವಿದ್ಯೆ ಮರೆಸುವವನು ಆಟದಲ್ಲಿ ಒಬ್ಬನಿದ್ದಾನೆ, ಛತ್ರಿ ಹಿಡಿದ ಮುದುಕ, ಆದರೆ ಅವನಿರುವುದು ನೀರಿನ ಆಚೆ, ಎಲ್ಲಕ್ಕಿಂತ ಕೊನೆಯ ನಡುಗಡ್ಡೆಯಲ್ಲಿ ಅಂದ. ಅಲ್ಲಿಗೆ ಗೌರಿಯ ಬೆನ್ನ ಮೇಲೇ ಹೋಗಬೇಕು. ಅವನು ಮರೆಸಿದ ವಿದ್ಯೆಯನ್ನು ಅಲ್ಲೇ ಇನ್ನೊಂದು ಪ್ರಾಣಿಗೆ ಕಲಿಸಬಹುದು. ನನಗೆ ಅಷ್ಟು ಸಾಕಾಯಿತು. ಮಾವನ ಎದುರಿಗೆ ಕೂತು ಹೇಳಿದೆ.

"ಮಾವಾರ, ಆ ಮುದುಕನ ತನಕ ಹೋಗೂನು. ಅಲ್ಲಿ ನೀವು ಐದೂ ಬೆರಳ ಹಿಡೀಬೇಕು. ನಾಕು ಹಿಡದ್ರ ನಾ ಕಲಸೂದಿಲ್ಲ. ಎಡಗೈ ತೋರಿಸಿದ್ರೂ ಇಲ್ಲ. ಎಡಗೈಲೆ ವ್ಯಾಪಾರ ಆಗ್ತೈತೇನ್ರಿ?"

ಅವರು ನನ್ನನ್ನು ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಸಂತೆಯಲ್ಲಿ ಎದುರಾಳಿ ದಲಾಲ ಸಿಕ್ಕಾಗ ಹಾಗೆ ನೋಡುತ್ತಿದ್ದರಂತೆ. ಪ್ರಾಣಿಗಳ ಸಾಲನ್ನು ನಾನು ಹೇಗೆ ಬೇಕಾದರೂ ಬದಲಿಸಬಹುದಿತ್ತು. ಹೋರಿಗರುವನ್ನು ಒಂದನೆಯ ಜಾಗಕ್ಕೆ ತಂದರೆ ಒಂದು ಬೆರಳಲ್ಲಿ ಕೆಲಸ ಮುಗಿಯುತ್ತಿತ್ತು. ನಾನು ತರಲಿಲ್ಲ. ತರಬಹುದೆಂದು ಅವರಿಗೂ ಗೊತ್ತಿತ್ತು, ಯಾಕೆಂದರೆ ಬೇರೆಯವನ್ನು ಹಿಂದೆ ಮುಂದೆ ಮಾಡುವುದನ್ನು ನೋಡಿದ್ದರು.

ಅಲ್ಲಿಂದ ದಿನಾ ಮಧ್ಯಾಹ್ನ ಟವೆಲ್. ಎದುರಿಗೆ ಯಾರಾದರೂ ಕಾದಾಡಲು ಬಂದರೆ ನಮ್ಮದು ಯಾವುದನ್ನು ಇಳಿಸಬೇಕೆಂದು ಮಾವ ಹೇಳಬೇಕು. ಮೊದಮೊದಲು ಒಂದು, ಎರಡು. ಪುಷ್ಯ ಮಳೆಯಲ್ಲಿ ಮೂರು ಬಂತು. ಮೂರನೆಯ ಬೆರಳು ಹಿಡಿದ ದಿನ ನಾನು ಮೊಸಳೆಮೀನು ಇಳಿಸಿ ಗೆದ್ದೆ, ರಾತ್ರಿ ಇವರಿಗೆ ಹೇಳಿದರೆ ಅವರು ಊಟ ಬಿಟ್ಟು ಎದ್ದು ಹೋಗಿ ಅಪ್ಪನ ಕೈ ಮುಟ್ಟಿ ನೋಡಿ ಬಂದರು. ಅತ್ತೆ ಬೈಯುತ್ತಲೇ ಹತ್ತಿರ ಹತ್ತಿರ ಬಂದು ಕೂರತೊಡಗಿದರು. ಅವರ ಪ್ರಾಣ ಗೌರಿಯ ಮೇಲೆ. "ಎಮ್ಮೀನ ಯಾಕ್ ನೂಕತಿ, ಪಾಪ, ಆಗಿನಿಂದ ಹೊಡಸ್ಕೋಳಾಕತ್ತೈತಿ," ಅನ್ನುತ್ತಿದ್ದರು.

ಹೊಡೆಸಿಕೊಳ್ಳುವುದಂತೂ ನಿಜ. ಗೌರಿಯ ಏಟಿನಲ್ಲಿ ಬಿರುಸಿಲ್ಲ, ಓಟದಲ್ಲಿ ಎಲ್ಲಕ್ಕಿಂತ ಹಿಂದೆ. ಎದುರಾಳಿ ಎರಡು ಸಲ ಹೊಡೆಯುವಷ್ಟರಲ್ಲಿ ಇದು ಒಂದು ಸಲ ತಿರುಗಿ ನೋಡುತ್ತದೆ. ನೀರಿನ ನಡುವೆ ಹಾವು, ಏಡಿ, ಬೆಂಕಿಯುಗುಳುವ ಕಪ್ಪೆಚಿಪ್ಪು ಎಲ್ಲ ಅಡ್ಡ ಬರುತ್ತಿದ್ದವು. ಗೌರಿ ನಿಂತು ಏಟು ತಿನ್ನುತ್ತಿತ್ತು, ಬೀಳುತ್ತಿರಲಿಲ್ಲ. ಕೆಂಪಾದ ಜೀವದ ಗೆರೆ ಕೂದಲೆಳೆಯಷ್ಟು ಉಳಿದಿರುವಾಗಲೂ ನಮ್ಮನ್ನು ಬೆನ್ನ ಮೇಲೆ ಹೊತ್ತು ದಡಕ್ಕೆ ಹಾಕುತ್ತಿತ್ತು. ಮಾವ ಅದನ್ನು ನೋಡಿಯೂ ನೋಡದ ಹಾಗೆ ಇರುತ್ತಿದ್ದರು.

ಆಶ್ಲೇಷ ಮಳೆ ಹಿಡಿಯಿತು. ಎಂಟು ದಿನ ಸೂರ್ಯನಿಲ್ಲ. ಸೋಯಾಬೀನ್ ಹೊಲದಲ್ಲಿ ನೀರು ನಿಂತಿತು, ಗೋಡೆ ಬೆವರಿತು, ಒಗೆದ ಬಟ್ಟೆ ಒಣಗದೆ ಮುಗ್ಗಲು ವಾಸನೆ ಬಂತು. ತಂಡಿಗೆ ಮಾವನ ಕೈ ಮತ್ತೆ ಬಿಗಿಯಿತು. ಹಿಡಿದ ಬೆರಳನ್ನು ಬಿಡಲು ಆಗುತ್ತಿರಲಿಲ್ಲ. ನಾನೇ ಎಡಗೈ ಹಾಕಿ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಗುತ್ತಿತ್ತು. ಒಂದು ದಿನ ಹಾಗೆ ಬಿಡಿಸುವಾಗ ಅವರಿಗೆ ಏನನ್ನಿಸಿತೋ, ಎಡಗೈ ಬೀಸಿ ಮೊಬೈಲನ್ನು ಹೊಡೆದರು. ಅದು ಕಂಬಕ್ಕೆ ಬಡಿದು ಕೆಳಗೆ ಬಿತ್ತು, ಗಾಜು ಮೂಲೆಯಿಂದ ಮೂಲೆಗೆ ಸೀಳಿತು.

ಅಂದಿನಿಂದ ಟವೆಲ್ ಮುಟ್ಟಲಿಲ್ಲ. ಮೂರು ದಿನ, ನಾಲ್ಕು ದಿನ, ಐದು ದಿನ. ಅತ್ತೆ ಒಲೆಯ ಮುಂದೆ ಎಣ್ಣೆ ಕಾಸುತ್ತ ನನ್ನ ಮುಖ ನೋಡದೆ ಹೇಳಿದರು.

"ಸಾಕ ಮಾಡವಾ. ಆ ಕೈ ಹೋತು. ಬಾಯಿಲೆ ಅನ್ನಬಾರದು, ಆದ್ರ ಹೋತು. ಜೀವ ಉಳದೈತಲ್ಲ."

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಅತ್ತೆಯ ಮೇಲಲ್ಲ, ಆ ಕೈಯ ಮೇಲೆ. ಇನ್ನೂ ನಲವತ್ತು ದಿನ ಕೈಯಲ್ಲಿರುವಾಗ ಹೋಯಿತು ಅನ್ನಲು ಯಾರಿಗೆ ಅಧಿಕಾರವಿದೆ? "ನಲವತ್ತು ದಿನಾ ಅದಾವ್ರಿ ಅತ್ತಿ," ಅಂದೆ ಅಷ್ಟೇ.

ಬೇಡಿಕೊಂಡರೆ ಮಾವ ಬಗ್ಗುವವರಲ್ಲ ಎಂದು ನನಗೆ ಗೊತ್ತಿತ್ತು. ಹಾಗಾಗಿ ಬೇರೆ ದಾರಿ ಹಿಡಿದೆ. ಮಂಚದ ಹತ್ತಿರವೇ ಕೂತು ಬೇಕೆಂದೇ ಕೆಟ್ಟದಾಗಿ ಆಡತೊಡಗಿದೆ. ಬೆಂಕಿಯ ಎದುರಿಗೆ ಹಕ್ಕಿ ಇಳಿಸಿದೆ. ಸೋತೆ. ಹಾವಿನ ಎದುರಿಗೆ ಹೋರಿಗರು ಇಳಿಸಿದೆ. ಸೋತೆ. ಸುಸ್ತಾದ ಗೌರಿಗೆ ಔಷಧ ಹಾಕದೆ ನೀರಿಗೆ ಇಳಿಸಿದೆ. ಪ್ರತಿ ಸಲ ಜೋರಾಗಿ, "ಅಯ್ಯ, ಮತ್ತ ಸೋತ್ನಿ," ಅಂದೆ. ಒಳ್ಳೆಯ ದನವನ್ನು ತಿಳಿಯದವನ ಕೈಗೆ ಕೊಟ್ಟು ನೋಡುವ ಶಿಕ್ಷೆ ಅದು. ಮೊದಲ ದಿನ ಕಣ್ಣು ಮುಚ್ಚಿಕೊಂಡರು. ಎರಡನೆಯ ದಿನ ನಡಿ ಅಂದರು. ಮೂರನೆಯ ದಿನ ಮಘಾ ಮಳೆಯ ಬಿಸಿಲು ಪಡಸಾಲೆಗೆ ಬಂದಿತ್ತು. ಗೌರಿಯನ್ನು ನಾಲ್ಕನೆಯ ಸಲ ಏಡಿಯ ಬಾಯಿಗೆ ಕೊಡುತ್ತಿದ್ದೆ. ಮಾವ ಎಡಗೈಯಿಂದ ತಮ್ಮ ಹೆಗಲ ಟವೆಲ್ಲನ್ನು ಎಳೆದು ಬಲಗೈ ಮೇಲೆ ಹಾಕಿಕೊಂಡು ನನ್ನನ್ನೇ ದುರುಗುಟ್ಟಿ ನೋಡಿದರು. ಕೆಳಗೆ ಕೈ ಇಟ್ಟೆ. ನಾಲ್ಕು ಬೆರಳು ಹಿಡಿದರು. ನಾಲ್ಕನೆಯದಾದ ಹಕ್ಕಿ ಇಳಿಸಿದೆ, ಏಡಿ ಬಿತ್ತು.

ಮುಚ್ಚುವುದು ಬಂತು. ಬಿಚ್ಚುವುದು ಬರಲಿಲ್ಲ. ಹುಬ್ಬಿ ಮಳೆ ಪೂರ್ತಿ ಅದೇ ಜಗಳ. ನಾನು ಬಿಡಿಸುವುದನ್ನು ನಿಲ್ಲಿಸಿಬಿಟ್ಟೆ. ಹಿಡಿದ ಮೇಲೆ ಅವರಾಗಿ ಬಿಡುವ ತನಕ ನಾನು ಏಳುವುದಿಲ್ಲ. ಕೆಲವು ದಿನ ಸಾರು ತಳ ಹತ್ತಿತು, ಎಮ್ಮೆ ಕೂಗಿ ಕೂಗಿ ಸಾಕಾಯಿತು, ಅತ್ತೆ ಗೊಣಗುತ್ತ ನನ್ನ ಕೆಲಸವನ್ನೂ ಮಾಡಿದರು. ಮಾವ ಬೆವರುತ್ತಿದ್ದರು. ಬೆರಳು ಕೂದಲಷ್ಟು ಸಡಿಲಾಗುತ್ತಿತ್ತು, ಮತ್ತೆ ಬಿಗಿಯುತ್ತಿತ್ತು. ಆಮೇಲೆ ನಾನೇ ಕೈ ಜಾರಿಸಿ ತೆಗೆಯಬೇಕಾಗುತ್ತಿತ್ತು. ಹೆಬ್ಬೆರಳು ಇನ್ನೂ ಒಳಕ್ಕೇ ಮಡಚಿತ್ತು. ಐದು ಬೆರಳು ಹಿಡಿಯಬೇಕಾದರೆ ಮೊದಲು ಅಂಗೈ ಪೂರ್ತಿ ಅಗಲವಾಗಬೇಕು. ಅದು ಆಗಲೇ ಇಲ್ಲ.

ಉತ್ತರಿ ಮಳೆ ಬಂತು. ಡಾಕ್ಟರ್ ಬಾಯಿಯ ಹತ್ತಿರ ಮರುದಿನ ಹೋಗಬೇಕಿತ್ತು. ಅಂದು ಮಧ್ಯಾಹ್ನ ಗೌರಿ ಕೊನೆಯ ನೀರನ್ನು ದಾಟಿತು. ನಡುಗಡ್ಡೆಯಲ್ಲಿ ಒಂದು ಗುಡಿಸಲು, ಒಳಗೆ ಛತ್ರಿಯ ಮುದುಕ. ನೀರಿನ ವಿದ್ಯೆ ಮರೆಸಲೇ ಎಂದು ಕೇಳಿದ. ಕೆಳಗೆ ಎರಡು ಗುಂಡಿ, ಹೌದು, ಬೇಡ. ನಾನು ಮೊಬೈಲನ್ನು ಮಂಚದ ಮೇಲೆ ದಿಂಬಿಗೆ ಆನಿಸಿಟ್ಟು ಟವೆಲ್ ಹಾಸಿದೆ. ಅತ್ತೆ ಮೊರದಲ್ಲಿ ಹೆಸರುಕಾಳು ಆರಿಸುತ್ತ ಪಕ್ಕದಲ್ಲೇ ಇದ್ದರು.

"ಮಾವಾರ, ಮರಸೂ ಮುದುಕ ಸಿಕ್ಕಾನ. ಇನ್ನ ಮುಂದ ಯಾವದ್ರ ಬೆನ್ನ ಮ್ಯಾಲೆ ಹೋಗೂನು, ಹೇಳ್ರಿ."

ಕೈ ಚಾಚಿ ಸುಮ್ಮನೆ ಕೂತೆ. ಮೊದಲು ಅವರ ಬೆರಳ ತುದಿ ನನ್ನ ಅಂಗೈಗೆ ತಾಗಿತು. ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಅವರ ಕೈ ಅಗಲವಾಗತೊಡಗಿದ್ದು ನನಗೆ ತಿಳಿಯಿತು. ಕಿರುಬೆರಳು ಆಚೆ ಸರಿಯಿತು, ನಡುವಿನವು ನೆಟ್ಟಗಾದವು, ಕೊನೆಗೆ ಒಳಕ್ಕೆ ಮಡಚಿದ್ದ ಹೆಬ್ಬೆರಳು ನಡುಗುತ್ತ ಹೊರಗೆ ಬಂತು. ಬಂದು ನನ್ನ ಹೆಬ್ಬೆರಳನ್ನು ದಾಟಿ ಆಚೆಯಿಂದ ಹಿಡಿಯಿತು. ಐದೂ ಬೆರಳು ಅವರ ಕೈಯೊಳಗಿದ್ದವು. ಅಳಬಾರದೆಂದು ನಿಶ್ಚಯ ಮಾಡಿದ್ದೆ, ಆದರೂ ಕಣ್ಣು ತುಂಬಿ ಮೊಬೈಲು ಕಾಣಲಿಲ್ಲ.

"ಐದು," ಅಂದೆ. ಅತ್ತೆಯ ಮೊರ ನಿಂತಿತು.

ಎಡಗೈಯಿಂದ ಹೌದು ಒತ್ತಲು ಹೋದೆ. ಮಾವ ನನ್ನ ಕೈಯನ್ನು ಹಿಡಿದಲ್ಲೇ ಒಮ್ಮೆ ಅಲುಗಿಸಿದರು. ತಾಳು ಅನ್ನುವ ಹಾಗೆ. ಟವೆಲ್ ಇನ್ನೂ ಹಾಸಿಯೇ ಇತ್ತು. ಒಮ್ಮೆ ಅವಸರ ಮಾಡಿ ಕೆಟ್ಟವಳು ನಾನು, ನಿಲ್ಲಿಸಿದೆ. ಅವರ ಹಿಡಿತ ಸಡಿಲಾಯಿತು. ದಣಿದಿರಬೇಕು ಅಂದುಕೊಂಡೆ.

ದಣಿದಿರಲಿಲ್ಲ. ಅವರ ಮೇಲ್ದುಟಿಯಲ್ಲಿ ಬೆವರು ಕಾಣುತ್ತಿತ್ತು, ಕಣ್ಣು ಮೊಬೈಲಿನ ಮೇಲೆಯೇ ಇತ್ತು. ಹೆಬ್ಬೆರಳು ಬಿಟ್ಟಿತು. ಕಿರುಬೆರಳಿನ ಕಡೆಯಿಂದ ಒಂದು ಬಿಟ್ಟಿತು, ಇನ್ನೊಂದು ಬಿಟ್ಟಿತು. ನಾನು ಬಿಡಿಸಲಿಲ್ಲ, ಜಾರಿಸಲಿಲ್ಲ. ಕೈ ಪೂರ್ತಿ ಬಿಚ್ಚಿ, ಒಂದು ಗಳಿಗೆ ನಿಂತು, ನನ್ನ ತೋರುಬೆರಳು ಮತ್ತು ನಡುಬೆರಳನ್ನು ಹುಡುಕಿ, ಅವೆರಡನ್ನೇ ಹಿಡಿದರು. ಹಿಡಿತ ಗಟ್ಟಿಯಾಗಿತ್ತು. ಈ ಸಲ ಸೋತು ಎರಡಕ್ಕೆ ನಿಂತದ್ದಲ್ಲ.

"ಎರಡೇನ್ರಿ?" ಅಂದೆ. "ಗೌರೀನ? ಹೋರಿಗರು ಬ್ಯಾಡೇನ್ರಿ?"

ಅವರ ತುಟಿ ಅಲುಗಿತು. ನಡಿ ಅನ್ನುತ್ತಾರೆಂದು ನಾವಿಬ್ಬರೂ ಕಾದೆವು. ಮಾತು ಹೊರಡಲಿಲ್ಲ, ಮತ್ತೆ ಪ್ರಯತ್ನಪಟ್ಟರು.

"ಇ... ಇರ್ಲಿ."

"ಏನಂದ್ರು?" ಎಂದರು ಅತ್ತೆ.

"ಇರ್ಲಿ ಅಂದ್ರು."

"ಇರ್ಲಿ," ಅಂದರು ಮಾವ ಇನ್ನೊಮ್ಮೆ, ನಮ್ಮಿಬ್ಬರಿಗೂ ಕಿವಿ ಕೇಳಿಸುವುದಿಲ್ಲವೇನೋ ಅನ್ನುವಷ್ಟು ಬೇಸರದಲ್ಲಿ. ಆಮೇಲೆ ನನ್ನ ಬೆರಳು ಬಿಟ್ಟು, ಅದೇ ಬಲಗೈಯಿಂದ ಟವೆಲ್ಲಿನ ಅಂಚು ಹಿಡಿದು ಹೆಗಲಿಗೆ ಎಳೆದುಕೊಂಡರು. ಅರ್ಧ ಹೆಗಲಿಗೆ ಬಂತು, ಅರ್ಧ ಎದೆಯ ಮೇಲೆ ಉಳಿಯಿತು. ನಾನು ಆಟದ ಮುದುಕನಿಗೆ ಬೇಡವೆಂದು ಒತ್ತಿದೆ.